ಪಿಯಾನೊ ಕಛೇರಿಯಲ್ಲಿ ‘ಕಮಿಷನ್’ ಅಂದ್ರೆ ಏನು?

ಪ್ರಶ್ನೆ: ಅಮೆರಿಕದಲ್ಲಿ ಮಗಳ ಮನೆಗೆ ಹೋದಾಗ ಒಂದು ಪಿಯಾನೊ ಸೋಲೊ ಕಛೇರಿ ಕೇಳಿದೆವು. ಕಾರ್ಯಕ್ರಮದ ಹಾಳೆಯಲ್ಲಿ ಸಂಗೀತ ರಚನೆಕಾರರಾದ ಬಾರ್ಬರ್, ಝೆವ್‌ಸ್ಕಿ ಕೃತಿಗಳ ಜೊತೆ ‘ಹೊಸ ಕಮಿಷನ್’ ಅಂತ ಎರಡು ಇದ್ದವು. ಏನಿದು? ಹೆಸರಾದ ಹಳೆ ಕೃತಿಗಳ ಮಧ್ಯೆ ಇವನ್ನು ಯಾಕೆ ತುರುಕುತ್ತಾರೆ?

ಉತ್ತರ: ನಮ್ಮಲ್ಲಿ ಕಮಿಷನ್ ಅಂದ ಕೂಡಲೇ ಸೈಟ್ ಬ್ರೋಕರ್ ನೆನಪಾಗುತ್ತಾನೆ, ಇಲ್ಲಾಂದ್ರೆ ಕಾಮಗಾರಿಯ ಪರ್ಸೆಂಟೇಜು. ಇದು ಅದಲ್ಲ. ಕನ್ನಡದಲ್ಲಿ ಒಂದೇ ಮಾತು ಸಾಕು: ಬರೆಸಿದ್ದು. ದುಡ್ಡು ಕೊಟ್ಟು ಹೊಸದಾಗಿ ಬರೆಸಿದ ಸಂಗೀತ. ದುಡ್ಡು ನುಡಿಸುವವರದ್ದೇ ಇರಬಹುದು, ಸಭಾಂಗಣದ್ದೋ ಟ್ರಸ್ಟಿನದ್ದೋ ಇರಬಹುದು. ನಾಲ್ಕಾರು ಕಡೆಯವರು ಸೇರಿ ಹಂಚಿಕೊಳ್ಳುವುದೂ ಉಂಟು. ಬರೆಸಿದವರಿಗೆ ಸಾಮಾನ್ಯವಾಗಿ ಸಿಗುವುದು ಮೊದಲ ಸಲ ನುಡಿಸುವ ಹಕ್ಕು. ಕೃತಿ ಮಾತ್ರ ಬರೆದವರದ್ದೇ.

ಇನ್ನು ‘ತುರುಕುವ’ ಮಾತು. ನೀವು ಹಳೆಯವು ಅಂದ ಹೆಸರುಗಳನ್ನೇ ನೋಡಿ.

ಸ್ಯಾಮ್ಯುಯೆಲ್ ಬಾರ್ಬರ್ ಅವರ ಪಿಯಾನೊ ಸೊನಾಟಾ, ಅಂದ್ರೆ ಹಲವು ಭಾಗಗಳ ದೊಡ್ಡ ಕೃತಿ, ಕೂಡ ಬರೆಸಿದ್ದೇ. ದುಡ್ಡು ಕೊಟ್ಟವರು ಅರ್ವಿಂಗ್ ಬರ್ಲಿನ್ ಮತ್ತು ರಿಚರ್ಡ್ ರಾಜರ್ಸ್. ಇಬ್ಬರೂ ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇಗೆ ಹಾಡು ಕಟ್ಟಿ ಹೆಸರು ಮಾಡಿದವರು! ಮೊದಲು ನುಡಿಸಿದ್ದು ಹೆಸರಾಂತ ಪಿಯಾನೊ ಕಲಾವಿದ ವ್ಲಾದಿಮಿರ್ ಹೊರೊವಿಟ್ಸ್. ಮೂರು ಭಾಗ ಕೇಳಿದ ಅವರು, ಕೊನೆಗೊಂದು ಜೋರಾದ ಭಾಗ ಬೇಕು, ಆದರೆ ಸುಮ್ನೆ ಆರ್ಭಟ ಆಗಬಾರದು ಅಂದರು. ಬಾರ್ಬರ್‌ಗೆ ಕೈಯೇ ಓಡಲಿಲ್ಲ. ಆಗ ಹೊರೊವಿಟ್ಸ್ ಹೆಂಡತಿ ವಾಂಡಾ ಫೋನ್ ಮಾಡಿ, ನಿಮ್ಮದು ಮಲಬದ್ಧತೆಯ ಸಮಸ್ಯೆ ಅಂತ ಚುಚ್ಚಿದರಂತೆ. ಆ ಸಿಟ್ಟಿನಲ್ಲೇ ಮರುದಿನ ಕೊನೆಯ ಭಾಗವಾಗಿ ಒಂದು ಫ್ಯೂಗ್ ಬರೆದು ಮುಗಿಸಿದೆ ಎಂದು ಬಾರ್ಬರ್ ಆಮೇಲೆ ಹೇಳಿಕೊಂಡಿದ್ದಾರೆ. ಫ್ಯೂಗ್ ಅಂದ್ರೆ ಒಂದೇ ಮಟ್ಟನ್ನು ಒಂದು ದನಿ ಶುರು ಮಾಡುತ್ತದೆ, ಇನ್ನೊಂದು ದನಿ ಅದನ್ನೇ ಹಿಡಿದು ಬೆನ್ನಟ್ಟುತ್ತದೆ, ಹಿಂದೆಯೇ ಮತ್ತೊಂದು. ಇಷ್ಟಕ್ಕೆಲ್ಲಾ ಇರುವುದು ಹತ್ತೇ ಬೆರಳು. 1949ರ ಡಿಸೆಂಬರಿನಲ್ಲಿ ಕ್ಯೂಬಾದ ಹವಾನಾದಲ್ಲಿ ಈ ಸೊನಾಟಾ ಮೊದಲು ಕೇಳಿಸಿತು.

ಫ್ರೆಡ್ರಿಕ್ ಝೆವ್‌ಸ್ಕಿ 1975ರಲ್ಲಿ ಪಿಯಾನೊ ಕಲಾವಿದೆ ಉರ್ಸುಲಾ ಓಪನ್ಸ್ ಅವರಿಗಾಗಿ, ಚಿಲಿಯ ಒಂದು ಹೋರಾಟದ ಹಾಡನ್ನು 36 ಬಗೆಯಲ್ಲಿ ಬೆಳೆಸಿ ಬರೆದರು. ಸುಮಾರು ಒಂದು ಗಂಟೆಯ ಕೃತಿ. ಮಧ್ಯೆ ನುಡಿಸುವವರು ಸಿಳ್ಳೆ ಹಾಕುತ್ತಾರೆ, ಪಿಯಾನೊ ಮುಚ್ಚಳ ಧಡ್ ಅಂತ ಬಡಿಯುತ್ತಾರೆ. 1976ರಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಸಲ ಕೇಳಿದವರಿಗೆ ಅದೂ ‘ಹೊಸ ಕಮಿಷನ್ನೇ’ ಅಲ್ವಾ?

ಹಾಗಂತ ಹೊಸದೆಲ್ಲಾ ಉಳಿಯಲ್ಲ. ಜಾಸ್ತಿ ಪಾಲು ಒಂದೆರಡು ಸಲ ನುಡಿಸಿ ಮರೆತು ಹೋಗುವಂಥದ್ದೇ. ನನಗೂ ಎಷ್ಟೋ ಸಲ ಬೇಜಾರಾಗಿದೆ. ಆದರೆ ಹೊಸದನ್ನು ಕೇಳುವಾಗ ಹೋಲಿಸೋಕೆ ಹಳೆ ರೆಕಾರ್ಡಿಂಗ್ ಇರುವುದಿಲ್ಲ, ಇಷ್ಟವಾಯಿತೋ ಇಲ್ಲವೋ ಅಂತ ನಾವೇ ಹೇಳಬೇಕು. ಆ ಮಜಾ ಬೇರೆ.

ಮುಂದಿನ ಸಲ ಹಾಳೆಯಲ್ಲಿ ಕೃತಿಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಏನಾದರೂ ಇದೆಯಾ ನೋಡಿ. ಯಾರು ಬರೆಸಿದ್ದು, ಯಾರಿಗೆ ಅರ್ಪಣೆ ಅನ್ನುವುದು ಅಲ್ಲಿರುತ್ತದೆ. ನಮ್ಮೂರಿನ ಹೆಸರೂ ಸಿಗಬಹುದು! ಲಂಡನ್ನಿನಲ್ಲಿದ್ದ ರಷ್ಯದ ಸಂಗೀತ ರಚನೆಕಾರ ನಿಕೊಲಾಯ್ ಮೆಟ್ನರ್ ಕೃತಿಗಳ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟವರು ಜಯಚಾಮರಾಜ ಒಡೆಯರ್. ಅದು ಬರೆಸಿದ್ದಲ್ಲ, ನೆರವು. ಆದರೂ ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ) ಅರ್ಪಿಸಿದ್ದು ಮೈಸೂರು ಮಹಾರಾಜರಿಗೆ.