ಗೋಡೆಯ ಮೇಲೆ ಅಂಗೈ ಅಗಲದ ಪತಂಗ: ಅದು ಯಾವುದು?

ಪ್ರಶ್ನೆ: ನಮ್ಮ ಮನೆ ಕಲಬುರಗಿಯಲ್ಲಿದೆ. ಜೂನ್ ತಿಂಗಳಲ್ಲಿ ಮೊದಲ ದೊಡ್ಡ ಮಳೆಯಾದ ಮರುದಿನ ಬೆಳಿಗ್ಗೆ ಪಡಸಾಲೆಯ ಗೋಡೆಯ ಮೇಲೆ ಅಂಗೈಗಿಂತ ಅಗಲವಾದ, ಇಟ್ಟಂಗಿ ಬಣ್ಣದ ಒಂದು ಪಾತರಗಿತ್ತಿ ರೆಕ್ಕೆ ಹರಡಿ ಕುಳಿತಿತ್ತು. ನಾಲ್ಕೂ ರೆಕ್ಕೆಗಳ ಮೇಲೆ ಕಣ್ಣಿನಂಥ ಗುರುತುಗಳಿದ್ದವು. ಅಂಗಳದಲ್ಲಿ ಒಂದು ಬದಾಮಿ ಗಿಡವಿದೆ. ಪಾತರಗಿತ್ತಿಯ ರೆಕ್ಕೆಯ ಹುಡಿ ಬಿದ್ದರೆ ಕಣ್ಣು ಹೋಗುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಮಗ ಮೊಬೈಲಿನಲ್ಲಿ ಹುಡುಕಿ ಅದು ಅಟ್ಲಾಸ್ ಪತಂಗ ಎಂದ. ನಿಜವಾಗಿ ಅದು ಯಾವುದು? ಮತ್ತೆ ಬಂದರೆ ಏನು ಮಾಡಬೇಕು?

ಉತ್ತರ: ನಿಮ್ಮ ಮನೆಗೆ ಬಂದದ್ದು ಟಸರ್ ರೇಷ್ಮೆ ಪತಂಗ, ಬಹುಮಟ್ಟಿಗೆ ಅದರ ಗಂಡು. ವಿಜ್ಞಾನದಲ್ಲಿ ಅದರ ಹೆಸರು ಆಂಥೆರಿಯಾ ಮೈಲಿಟ್ಟಾ. ಕೆಲವು ಪುಸ್ತಕಗಳು ಇದನ್ನೇ ಆಂಥೆರಿಯಾ ಪಾಫಿಯಾ ಎಂದು ಬರೆಯುತ್ತವೆ. ಅದು ಕಚ್ಚುವುದಿಲ್ಲ, ಚುಚ್ಚುವುದಿಲ್ಲ, ಅದರಲ್ಲಿ ವಿಷವಿಲ್ಲ. ನಮ್ಮ ಭಾಗದಲ್ಲಿ ಚಿಟ್ಟೆಗೂ ಪತಂಗಕ್ಕೂ ಪಾತರಗಿತ್ತಿ ಎಂದೇ ಕರೆಯುವ ರೂಢಿಯಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಗುರುತು ಹಿಡಿಯುವ ಕೆಲಸಕ್ಕೆ ಇಳಿದಾಗ ಇವೆರಡನ್ನೂ ಬೇರೆಯಾಗಿಯೇ ನೋಡಬೇಕಾಗುತ್ತದೆ.

ನೀವು ಮೊದಲು ಹೇಳಿದ್ದು ಬಣ್ಣವನ್ನು. ಎಲ್ಲರೂ ಹಾಗೆಯೇ ಹೇಳುತ್ತಾರೆ. ಆದರೆ ಟಸರ್ ಪತಂಗದ ವಿಷಯದಲ್ಲಿ ಬಣ್ಣವನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ, ಏಕೆಂದರೆ ಗಂಡು ಸಾಮಾನ್ಯವಾಗಿ ಇಟ್ಟಂಗಿಗೆಂಪು ಅಥವಾ ಕಂದು ಬಣ್ಣದ್ದಾದರೆ ಹೆಣ್ಣು ಹಳದಿ ಅಥವಾ ಬೂದುಬಣ್ಣದ್ದಾಗಿರುತ್ತದೆ, ಗಾತ್ರದಲ್ಲೂ ಗಂಡಿಗಿಂತ ದೊಡ್ಡದಾಗಿರುತ್ತದೆ. ಒಂದೇ ಗಿಡದಿಂದ ಹೊರಬಂದ ಎರಡು ಪತಂಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೂ ಅವು ಬೇರೆ ಬೇರೆ ಜಾತಿಯವೆಂದೇ ಅನಿಸುತ್ತದೆ. ನನಗೆ ನಿಮ್ಮ ಪತ್ರದಲ್ಲಿ ಬಣ್ಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನಾಲ್ಕು ಕಣ್ಣುಗಳು, ಮೊದಲ ಮಳೆ ಮತ್ತು ಅಂಗಳದ ಬದಾಮಿ ಗಿಡ.

ಮೊದಲು ಆ ಕಣ್ಣುಗಳನ್ನು ನೋಡೋಣ. ಟಸರ್ ಪತಂಗದ ಪ್ರತಿ ರೆಕ್ಕೆಯಲ್ಲಿ ಒಂದೊಂದು ದುಂಡನೆಯ ಚುಕ್ಕೆಯಿದೆ, ಅದರ ನಡುಭಾಗದಲ್ಲಿ ಹುಡಿಯೇ ಇಲ್ಲ. ಅಲ್ಲಿ ಇರುವುದು ಗಾಜಿನಂಥ ತೆಳು ಪೊರೆ ಮಾತ್ರ, ಅಂದರೆ ನಿಜವಾದ ಒಂದು ಕಿಟಕಿ. ಒಮ್ಮೆ ನಮ್ಮ ಮನೆಯ ಶಹಾಬಾದ್ ಕಲ್ಲಿನ ಮೆಟ್ಟಿಲ ಮೇಲೆ ಹಳದಿ ಹೆಣ್ಣೊಂದು ಕುಳಿತಿತ್ತು. ಹತ್ತಿರ ಬಗ್ಗಿ ನೋಡಿದಾಗ ಅದರ ರೆಕ್ಕೆಯ ಕಣ್ಣುಗಳು ಬೂದುಬಣ್ಣದವೆಂದು ಕಂಡವು. ಅದು ತೆವಳಿ ಪಕ್ಕದ ಸುಣ್ಣದ ಗೋಡೆಗೆ ಏರಿದಾಗ ಅದೇ ಕಣ್ಣುಗಳು ಬೆಳ್ಳಗಾದವು. ಕಂಡದ್ದು ಪತಂಗದ ಬಣ್ಣವಲ್ಲ, ಅದರ ಹಿಂದಿದ್ದ ಕಲ್ಲಿನ ಮತ್ತು ಗೋಡೆಯ ಬಣ್ಣ. ಕಿಟಕಿಯ ಸುತ್ತ ಹಳದಿ, ಕೆಂಪು, ಕಪ್ಪು ಬಣ್ಣದ ಸಣ್ಣ ಉಂಗುರಗಳಿರುತ್ತವೆ. ಈ ಪಾರದರ್ಶಕ ಕಿಟಕಿ ನಾಲ್ಕೂ ರೆಕ್ಕೆಗಳಲ್ಲಿ ಇದ್ದು, ರೆಕ್ಕೆಯ ಹರಹು 14ರಿಂದ 18 ಸೆಂಟಿಮೀಟರ್ ಇದ್ದರೆ ನಮ್ಮ ಭಾಗದಲ್ಲಿ ಅದನ್ನು ಟಸರ್ ಎಂದು ಧೈರ್ಯವಾಗಿ ಹೇಳಬಹುದು.

ಎರಡನೆಯದಾಗಿ ತಲೆಯನ್ನು ನೋಡಬೇಕು. ಚಿಟ್ಟೆಯ ಕುಡಿಮೀಸೆ ಕಡ್ಡಿಯಂತಿದ್ದು ತುದಿಯಲ್ಲಿ ಗುಂಡಗೆ ದಪ್ಪವಾಗಿರುತ್ತದೆ. ಟಸರಿನಂಥ ಕಾಡುರೇಷ್ಮೆ ಪತಂಗಗಳ ಕುಡಿಮೀಸೆ ಹಕ್ಕಿಯ ಪುಕ್ಕದಂತೆ ಎರಡೂ ಬದಿಗೆ ಎಳೆಎಳೆಯಾಗಿ ಬಿಡಿಸಿಕೊಂಡಿರುತ್ತದೆ. ಗಂಡಿನದು ಅಗಲ, ಹೆಣ್ಣಿನದು ಕಿರಿದು. ಕತ್ತಲಲ್ಲಿ ಹೆಣ್ಣು ಕುಳಿತಲ್ಲೇ ಗಾಳಿಗೆ ಬಿಡುವ ವಾಸನೆಯನ್ನು ದೂರದಿಂದಲೇ ಹಿಡಿದು ಬರುವುದು ಗಂಡಿನ ಕೆಲಸವಾದ್ದರಿಂದ ಅದಕ್ಕೆ ಅಷ್ಟು ಅಗಲವಾದ ಮೀಸೆ ಬೇಕು. ಹಾಗೆಯೇ ಬಾಯಿಯನ್ನೂ ನೋಡಿ: ಚಿಟ್ಟೆಗೆ ಇರುವಂಥ ಸುರುಳಿ ಸುತ್ತಿದ ಹೀರುನಳಿಕೆ ಅಲ್ಲಿ ಕಾಣುವುದಿಲ್ಲ. ಈ ಪತಂಗಗಳು ರೆಕ್ಕೆ ಬಂದ ಮೇಲೆ ಏನನ್ನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಹುಳವಾಗಿದ್ದಾಗ ಎಲೆ ತಿಂದು ಕೂಡಿಟ್ಟುಕೊಂಡದ್ದರ ಮೇಲೆಯೇ ವಾರ, ಹೆಚ್ಚೆಂದರೆ ಹತ್ತು ದಿನ ಬದುಕಿ, ಜೋಡಿಯಾಗಿ, ಮೊಟ್ಟೆಯಿಟ್ಟು ಸಾಯುತ್ತವೆ. ಚಿಕ್ಕವನಿದ್ದಾಗ ನಾನು ಇಂಥದೊಂದನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಪಕ್ಕದಲ್ಲಿ ಸಕ್ಕರೆ ನೀರಿನ ಬಟ್ಟಲು ಇಟ್ಟು ಮಲಗಿದ್ದೆ. ಬೆಳಿಗ್ಗೆ ನೀರು ಹಾಗೆಯೇ ಇತ್ತು. ರಾತ್ರಿಯಿಡೀ ಬಡಿದುಕೊಂಡ ರೆಕ್ಕೆಗಳು ಮಾತ್ರ ಚಿಂದಿಯಾಗಿದ್ದವು. ಅದರ ಒಂದು ವಾರದ ಬಾಳಿನಲ್ಲಿ ಒಂದು ರಾತ್ರಿಯನ್ನು ನಾನು ಕಸಿದುಕೊಂಡಿದ್ದೆ ಎಂಬುದು ತಿಳಿಯಲು ಬಹಳ ವರ್ಷ ಬೇಕಾಯಿತು.

ಇನ್ನು ಮಳೆ ಮತ್ತು ಗಿಡದ ಮಾತು. ಟಸರ್ ಹುಳ ಮತ್ತಿ, ಬಾರಿ, ಬದಾಮಿ ಗಿಡಗಳ ಎಲೆ ತಿಂದು ಬೆಳೆಯುತ್ತದೆ. ಬಾರಿ ಗಿಡ ನಮ್ಮ ಹೊಲದ ಬದುಗಳಲ್ಲೆಲ್ಲ ಇದೆ, ಬದಾಮಿ ಗಿಡ ಊರಿನ ಎಷ್ಟೋ ಅಂಗಳಗಳಲ್ಲಿದೆ. ಆದ್ದರಿಂದ ಇದು ದೂರದ ಕಾಡಿನಿಂದ ದಾರಿ ತಪ್ಪಿ ಬಂದ ಅತಿಥಿ ಎಂದು ಭಾವಿಸಬೇಕಾಗಿಲ್ಲ, ನಿಮ್ಮ ಅಂಗಳದಲ್ಲೇ ಹುಟ್ಟಿ ಬೆಳೆದದ್ದಾಗಿರಬಹುದು. ಹುಳ ಗೂಡು ಕಟ್ಟಿ, ಅದರೊಳಗೆ ಕೋಶವಾಗಿ ಚಳಿಗಾಲ ಮತ್ತು ನಮ್ಮ ಈ ಸುಡುಬೇಸಿಗೆ ಎರಡನ್ನೂ ನಿದ್ದೆಯಲ್ಲಿ ಕಳೆಯುತ್ತದೆ. ಮುಂಗಾರು ಹತ್ತಿರವಾಗಿ ಗಾಳಿಯಲ್ಲಿ ತೇವ ಏರಿದಾಗ, ತನ್ನ ಬಾಯಿಯಿಂದ ಒಸರುವ ದ್ರವದಿಂದ ಗೂಡಿನ ಒಂದು ತುದಿಯನ್ನು ಮೆತ್ತಗೆ ಮಾಡಿಕೊಂಡು ಪತಂಗ ಹೊರಬರುತ್ತದೆ. ಗಿಡಗಳು ಚಿಗುರುವ ಹೊತ್ತಿಗೆ ಮರಿಗಳು ಹುಟ್ಟಬೇಕಲ್ಲವೇ, ಅದಕ್ಕೆಂದೇ ಈ ಲೆಕ್ಕ. ಮೊದಲ ಮಳೆಯ ಮರುದಿನ ನಿಮ್ಮ ಗೋಡೆಯ ಮೇಲೆ ಅದು ಕಂಡದ್ದು ಆಕಸ್ಮಿಕವಲ್ಲ.

ಅಂಗಳದಿಂದ ಪಡಸಾಲೆಗೆ ಅದನ್ನು ಎಳೆದು ತಂದದ್ದು ದೀಪ. ಪತಂಗಕ್ಕೆ ಬೆಳಕಿನ ಮೋಹವೆಂದು ನಾವು ಹೇಳುತ್ತ ಬಂದಿದ್ದೇವೆ, ಆದರೆ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ವೇಗದ ಕ್ಯಾಮೆರಾಗಳಲ್ಲಿ ಹುಳಗಳ ಹಾರಾಟವನ್ನು ಸೆರೆಹಿಡಿದು ಬೇರೊಂದು ಕಾರಣವನ್ನು ತೋರಿಸಿಕೊಟ್ಟಿದೆ. ರಾತ್ರಿ ಹಾರುವ ಹುಳಗಳು ಆಕಾಶದ ಮಂದ ಬೆಳಕಿನ ಕಡೆಗೆ ಬೆನ್ನು ಮಾಡಿ ಹಾರುವ ಮೂಲಕ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿದುಕೊಳ್ಳುತ್ತವೆ. ಬಲ್ಬು ಪಕ್ಕದಲ್ಲಿದ್ದರೆ ಅದರ ಕಡೆಗೇ ಬೆನ್ನು ತಿರುಗಿಸಲು ಹೋಗಿ, ಬಿಡಿಸಿಕೊಳ್ಳಲಾಗದೆ ಸುತ್ತುತ್ತಲೇ ಇರುತ್ತವೆ. ಅಂದರೆ ದೀಪದ ಸುತ್ತ ಗಿರಕಿ ಹೊಡೆಯುವ ಪತಂಗ ಅಲ್ಲಿ ಸಿಕ್ಕಿಬಿದ್ದಿದೆ.

ನಿಮ್ಮ ಮಗ ಹೇಳಿದ ಅಟ್ಲಾಸ್ ಪತಂಗದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈಗ ಮೊಬೈಲುಗಳಲ್ಲಿ ಹರಿದಾಡುವ ದೊಡ್ಡ ಪತಂಗಗಳಿಗೆಲ್ಲ ಅದೇ ಹೆಸರು ಅಂಟಿಕೊಳ್ಳುತ್ತಿದೆ. ಅಟ್ಲಾಸಿನ ರೆಕ್ಕೆಯ ಹರಹು 24 ಸೆಂಟಿಮೀಟರಿನವರೆಗೂ ಇರಬಲ್ಲದು. ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯಂತೆ ಬಾಗಿರುತ್ತದೆ. ಕಿಟಕಿಗಳು ದುಂಡಗಿರದೆ ತ್ರಿಕೋನಾಕಾರದಲ್ಲಿರುತ್ತವೆ. ಭಾರತದಲ್ಲಿ ಅದು ಹಿಮಾಲಯದ ತಪ್ಪಲು ಮತ್ತು ಈಶಾನ್ಯ ರಾಜ್ಯಗಳದ್ದು. ಅದರ ಹತ್ತಿರದ ನೆಂಟ ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿದೆ. ಕಲಬುರಗಿ, ಯಾದಗಿರಿಯ ಒಣ ಬಯಲು ಅವುಗಳ ನೆಲೆಯಲ್ಲ. ಕಣ್ಣು ದುಂಡಗಿದೆಯೋ ತ್ರಿಕೋನವಾಗಿದೆಯೋ ಎಂಬುದೊಂದನ್ನು ನೋಡಿದರೆ ಮನೆಯೊಳಗಿನ ವಾದ ಅಲ್ಲಿಗೇ ಮುಗಿಯುತ್ತದೆ.

ಟಸರ್ ಬಿಟ್ಟರೆ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಇನ್ನೊಂದು ಕಾಡುರೇಷ್ಮೆ ಪತಂಗವೆಂದರೆ ಚಂದ್ರ ಪತಂಗ, ಆಕ್ಟಿಯಾಸ್ ಸೆಲೀನಿ. ಬಯಲಿನ ಊರುಗಳಿಗಿಂತ ಚಿಂಚೋಳಿ ವನ್ಯಧಾಮದ ಅಂಚಿನ ಹಳ್ಳಿಗಳಲ್ಲಿ, ಬೀದರ್ ಸುತ್ತಲಿನ ಕುರುಚಲು ಕಾಡಿನ ಬದಿಯಲ್ಲಿ ಅದನ್ನು ಎದುರುನೋಡುವುದು ಹೆಚ್ಚು ಸರಿ. ಅದನ್ನು ಗುರುತಿಸಲು ಯಾರ ಸಹಾಯವೂ ಬೇಕಿಲ್ಲ. ಎಳೆ ಬಾಳೆಸುಳಿಯ ತಿಳಿಹಸಿರು ರೆಕ್ಕೆ, ಮುಂದಿನ ರೆಕ್ಕೆಯ ಮೇಲಂಚಿನ ಉದ್ದಕ್ಕೂ ಎಳೆದ ನೇರಳೆಗೆಂಪು ಗೆರೆ, ಮೈಯ ಮೇಲೆ ಹತ್ತಿಯಂಥ ಬಿಳಿ ರೋಮ, ಹಿಂದಿನ ರೆಕ್ಕೆಗಳಿಂದ ಇಳಿಬಿದ್ದ ಎರಡು ಉದ್ದನೆಯ ಬಾಲ. ಆ ಬಾಲ ಬರಿಯ ಅಲಂಕಾರವಲ್ಲ. ಇದರ ಅಮೆರಿಕದ ಸೋದರ ಜಾತಿಯ ಮೇಲೆ ನಡೆದ ಪ್ರಯೋಗಗಳಲ್ಲಿ, ಹಾರುವಾಗ ತಿರುಗುವ ಬಾಲದ ತುದಿಯ ಕಡೆಗೆ ಬಾವಲಿಗಳು ಎರಗಿ, ಪತಂಗದ ಮೈ ಪಾರಾಗುವುದು ಕಂಡುಬಂದಿದೆ. ಹಾಗಾಗಿ ಬಾಲ ಹರಿದ ಚಂದ್ರ ಪತಂಗ ಕಂಡರೆ ಮರುಗಬೇಡಿ, ಆ ಬಾಲವೇ ಅದರ ಜೀವ ಉಳಿಸಿರಬಹುದು.

ಹಿಪ್ಪುನೇರಳೆ ಎಲೆ ತಿನ್ನುವ ಸಾಕು ರೇಷ್ಮೆಹುಳದ ಪತಂಗ ಇವುಗಳ ನಡುವೆ ಬರುವುದೇ ಇಲ್ಲ. ಅದು ಬೆರಳುದ್ದವೂ ಇಲ್ಲದ, ಕೆನೆಬಣ್ಣದ, ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದು ಹಾರುವುದನ್ನೇ ಮರೆತ ಜೀವಿ.

ಆದರೆ ರೇಷ್ಮೆಯ ಕುಲಕ್ಕೆ ಸೇರದ ಕೆಲವು ದೊಡ್ಡ ಪತಂಗಗಳು ಮನೆಗೆ ಬರುತ್ತವೆ, ಜನ ಹೆಚ್ಚಾಗಿ ಮೋಸಹೋಗುವುದು ಅಲ್ಲಿಯೇ. ಕಣಗಿಲೆ ಅಥವಾ ನಂದಿಬಟ್ಟಲು ಗಿಡವಿರುವ ಮನೆಗಳಲ್ಲಿ ಹಸಿರು, ಬಿಳಿ, ಗುಲಾಬಿ ಬಣ್ಣಗಳು ಅಲೆಅಲೆಯಾಗಿ ಬೆರೆತ ಒಂದು ಪತಂಗ ಸಿಗುತ್ತದೆ. ಅದರ ರೆಕ್ಕೆ ಕಿರಿದಾಗಿ ಚೂಪಾಗಿದ್ದು, ಕುಳಿತಾಗ ವಿಮಾನದ ಆಕಾರ ಕಾಣುತ್ತದೆ. ಅದು ಕಣಗಿಲೆ ಗಿಡುಗ ಪತಂಗ. ಅದರ ಬಳಗದ್ದೇ ಆದ ಇನ್ನೊಂದು ಪತಂಗದ ಬೆನ್ನ ಮೇಲೆ ತಲೆಬುರುಡೆಯ ಆಕಾರದ ಗುರುತು ಇದೆ. ಮುಟ್ಟಿದರೆ ಅದು ಕೀಚ್ ಎಂದು ಸದ್ದು ಮಾಡುತ್ತದೆ, ಜೇನುಗೂಡಿಗೆ ನುಗ್ಗಿ ಜೇನು ಹೀರುತ್ತದೆ. ಅದರ ಮರಿಹುಳ ಎಳ್ಳಿನ ಹೊಲದಲ್ಲೂ ಸಿಗುತ್ತದೆ. ಆ ಗುರುತನ್ನು ಕಂಡು ಅಪಶಕುನವೆಂದು ಹೆದರಿ ಹೊಡೆದು ಹಾಕುವವರಿದ್ದಾರೆ, ಆ ಭಯಕ್ಕೆ ಆಧಾರವಿಲ್ಲ. ಕತ್ತಲೆ ಮೂಲೆಯಲ್ಲಿ, ಅಟ್ಟದ ಕೆಳಗೆ ಕೂರುವ, ಮುಂದಿನ ರೆಕ್ಕೆಗಳಲ್ಲಿ ಮಾತ್ರ ಗೂಬೆಗಣ್ಣಿನಂಥ ಗುರುತಿರುವ ಕಡುಕಂದು ಪತಂಗವೂ ಒಂದಿದೆ. ಅದರ ಕಣ್ಣುಗಳು ಪಾರದರ್ಶಕವಲ್ಲ, ಕುಡಿಮೀಸೆ ದಾರದಂತೆ ಸಪೂರವಾಗಿರುತ್ತದೆ. ಕೂತಾಗ ಒಣ ಎಲೆಯಂತೆ ಕಂಡು, ಎದ್ದಾಗ ಕಿತ್ತಳೆ ಬಣ್ಣದ ಹಿಂದಿನ ರೆಕ್ಕೆ ತೋರಿಸುವುದು ಹಣ್ಣು ಚುಚ್ಚುವ ಪತಂಗ. ಇದು ಮೋಸಂಬಿ, ದಾಳಿಂಬೆ ತೋಟದವರಿಗೆ ನಷ್ಟ ಮಾಡುವ ಕೀಟ. ಇದರ ಮರಿಹುಳ ಅಮೃತಬಳ್ಳಿಯ ಎಲೆ ತಿನ್ನುತ್ತದೆ. ಇವೆಲ್ಲಕ್ಕೂ ಹೀರುನಳಿಕೆ ಇದೆ, ಯಾವುದಕ್ಕೂ ಪುಕ್ಕದಂಥ ಅಗಲ ಮೀಸೆ ಇಲ್ಲ.

ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕುವ ಬದಲು ಅದರಲ್ಲಿರುವ ಸ್ವಲ್ಪ ನಿಜವನ್ನು ತೆಗೆದುಕೊಳ್ಳೋಣ. ರೆಕ್ಕೆಯ ಹುಡಿ ಎಂದರೆ ಹೆಂಚಿನಂತೆ ಒಂದರ ಮೇಲೊಂದು ಜೋಡಿಸಿದ ಸಣ್ಣ ಸಣ್ಣ ಹುರುಪೆಗಳು. ಅವು ಕಣ್ಣಿಗೆ ಬಿದ್ದರೆ ಧೂಳು ಬಿದ್ದಂತೆ ಕಿರಿಕಿರಿಯಾಗುತ್ತದೆ, ತಣ್ಣೀರಿನಿಂದ ತೊಳೆದರೆ ಸಾಕು. ಅದರಿಂದ ಕಣ್ಣು ಹೋಗುವುದಿಲ್ಲ. ಎಚ್ಚರಿಕೆ ಬೇಕಾದದ್ದು ಮೈತುಂಬ ಕೂದಲಿರುವ ಕಂಬಳಿಹುಳಗಳ ವಿಷಯದಲ್ಲಿ. ಅವುಗಳ ಕೂದಲು ತಾಗಿದರೆ ಉರಿ, ತುರಿಕೆ ಆಗಬಹುದು. ಟಸರಿನ ಮರಿಹುಳ ಹಾಗಲ್ಲ, ಅದು ಹೆಬ್ಬೆರಳಿಗಿಂತ ದಪ್ಪನೆಯ ಹಸಿರು ಹುಳ.

ಮತ್ತೆ ಬಂದರೆ ಮೊದಲು ಆ ಕೋಣೆಯ ದೀಪ ಆರಿಸಿ, ಕಿಟಕಿ ತೆರೆದಿಡಿ. ಫ್ಯಾನ್ ನಿಲ್ಲಿಸುವುದನ್ನು ಮರೆಯಬೇಡಿ. ಹಗಲಿನಲ್ಲಿ ಕುಳಿತಿದ್ದರೆ ಸಂಜೆಯವರೆಗೆ ಹಾಗೆಯೇ ಬಿಡಿ, ಕತ್ತಲಾದ ಮೇಲೆ ತಾನೇ ಹೋಗುತ್ತದೆ. ನೆಲದ ಮೇಲಿದ್ದರೆ ಇರುವೆ, ಹಲ್ಲಿ, ಬೆಕ್ಕುಗಳ ಪಾಲಾಗುವುದರಿಂದ ಅದರ ಮುಂಗಾಲಿಗೆ ಒಂದು ಕಡ್ಡಿಯನ್ನು ತಾಗಿಸಿ, ಹತ್ತಿಕೊಂಡ ಮೇಲೆ ಗಿಡದ ನೆರಳಿಗೆ ಒಯ್ದು ಬಿಡಿ. ರೆಕ್ಕೆ ಹಿಡಿದು ಎತ್ತಬೇಡಿ. ರೆಕ್ಕೆ ಒದ್ದೆಯಾಗಿ ಮುದುಡಿ ಹಿಂಡಿದ ಬಟ್ಟೆಯಂತಿದ್ದರೆ ಅದು ಈಗಷ್ಟೇ ಗೂಡಿನಿಂದ ಬಂದದ್ದು. ಏರಿ ಜೋತುಬೀಳಲು ಅದಕ್ಕೊಂದು ಒರಟು ಕೊಂಬೆ ಸಿಕ್ಕರೆ ಕೆಲವು ಗಂಟೆಗಳಲ್ಲಿ ರೆಕ್ಕೆ ಬಿಚ್ಚಿ ಗಟ್ಟಿಯಾಗುತ್ತದೆ. ಹೆಣ್ಣು ನಿಮ್ಮ ಪರದೆಯ ಮೇಲೆ ಮೊಟ್ಟೆಯಿಟ್ಟು ಹೋಗಿದ್ದರೆ ಆ ಮೊಟ್ಟೆಗಳನ್ನು ಕಾಗದದ ಮೇಲೆ ತೆಗೆದು ಬದಾಮಿ ಅಥವಾ ಬಾರಿ ಗಿಡದ ಎಲೆಯ ಮೇಲೆ ಇಡಿ. ಜೋಡಿಯಾದ ಹೆಣ್ಣಿನ ಮೊಟ್ಟೆಗಳಾದರೆ ಎಂಟು ಹತ್ತು ದಿನಗಳಲ್ಲಿ ಒಡೆಯುತ್ತವೆ.

ಫೋಟೋ ತೆಗೆಯುವಾಗ ಮೇಲಿನಿಂದ ಒಂದು, ತಲೆಯನ್ನು ಹತ್ತಿರದಿಂದ ಒಂದು, ಪಕ್ಕದಲ್ಲಿ ಹತ್ತು ರೂಪಾಯಿಯ ನಾಣ್ಯವಿಟ್ಟು ಒಂದು, ಇಷ್ಟಿದ್ದರೆ ಸಾಕು. ದಿನಾಂಕ ಮತ್ತು ಊರಿನ ಹೆಸರಿನೊಂದಿಗೆ ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಹಾಕಿದರೆ ತಿಳಿದವರು ಹೆಸರನ್ನು ಖಚಿತಪಡಿಸುತ್ತಾರೆ, ನಮ್ಮ ಭಾಗದ ದಾಖಲೆಯೂ ಒಂದು ಹೆಚ್ಚಾಗುತ್ತದೆ.

ಇನ್ನೊಂದು ಕೆಲಸ ನಿಮ್ಮ ಮಗನಿಗೆ. ಬದಾಮಿ ಗಿಡದ ಕೊಂಬೆಗಳನ್ನು ಅವನು ಒಂದೊಂದಾಗಿ ನೋಡಲಿ. ಟಸರಿನ ಗೂಡು ಸಣ್ಣ ಮೊಟ್ಟೆಯಂತಿದ್ದು, ಬೂದು ಅಥವಾ ಹಳದಿ ಬಣ್ಣದ್ದಾಗಿ, ಒತ್ತಿದರೆ ಅಡಿಕೆಯಂತೆ ಗಟ್ಟಿಯಾಗಿರುತ್ತದೆ. ಹುಳ ರೇಷ್ಮೆಯಿಂದಲೇ ಒಂದು ತೊಟ್ಟು ಹೆಣೆದು, ಅದರ ತುದಿಯನ್ನು ಕೊಂಬೆಗೆ ಉಂಗುರದಂತೆ ಬಿಗಿದಿರುತ್ತದೆ, ಆದ್ದರಿಂದ ಎಲೆಯೆಲ್ಲ ಉದುರಿದರೂ ಗೂಡು ಉದುರುವುದಿಲ್ಲ. ತೊಟ್ಟಿನ ಬದಿಯಲ್ಲಿ ತೂತಾಗಿದ್ದರೆ ನಿಮ್ಮ ಗೋಡೆಗೆ ಬಂದದ್ದು ಅದರೊಳಗಿಂದಲೇ ಬಂದಿರಬಹುದು. ತೂತಿಲ್ಲದೆ, ಕಿವಿಯ ಹತ್ತಿರ ಮೆಲ್ಲಗೆ ಅಲುಗಿಸಿದಾಗ ಒಳಗೆ ಏನೋ ತೂಕವಾದದ್ದು ಸರಿದ ಸದ್ದು ಬಂದರೆ, ಅದನ್ನು ಕೊಂಬೆಯಿಂದ ಬಿಡಿಸದೆ ಅಲ್ಲಿಯೇ ಬಿಡಿ.