ಉರಿಮೂತ್ರಕ್ಕೂ ಬೀಗದ ಕೈಗೂ ಇರುವ ನಂಟು

ಎದುರು ಮನೆಯ ಹೆಣ್ಣುಮಗಳು ಪೀಣ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಬೇಸಿಗೆ ಹಿಡಿದುಕೊಳ್ಳುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಬಾಗಿಲಿಗೆ ಬಂದು, "ಅಕ್ಕ, ಮನೆಯಲ್ಲಿ ಹರಳೆಣ್ಣೆ ಇದೆಯೇ?" ಎಂದಳು. ಉಷ್ಣವಾಗಿದೆಯಂತೆ, ಮೂತ್ರ ಹೋಗುವಾಗ ಉರಿ. ಹೊಕ್ಕುಳಿಗೆ ಎಣ್ಣೆ ಬಿಟ್ಟುಕೊಂಡು ನೆನೆಸಿದ ಕಾಮಕಸ್ತೂರಿ ಬೀಜ ಕುಡಿದರೆ ಇಳಿಯುತ್ತದೆ ಎಂದು ಅತ್ತೆ ಹೇಳಿದ್ದಾರಂತೆ. ಎಣ್ಣೆ ಕೊಡುವಾಗ ಅವಳ ಹೆಗಲ ಚೀಲದಿಂದ ಇಣುಕುತ್ತಿದ್ದ ನೀರಿನ ಬಾಟಲಿಯ ಮೇಲೆ ಕಣ್ಣು ಹೋಯಿತು. ಬೆಳಿಗ್ಗೆ ಏಳೂವರೆಗೆ ತುಂಬಿಸಿಕೊಂಡು ಹೋದ ಲೀಟರ್ ಬಾಟಲಿ, ಸಂಜೆ ಆರೂವರೆಗೆ ಮುಕ್ಕಾಲು ಉಳಿಸಿಕೊಂಡೇ ಮನೆಗೆ ಬಂದಿತ್ತು.

ಉಷ್ಣ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ರೇಗುತ್ತದೆ. ಬಾಯಿಹುಣ್ಣಿಗೂ ಉಷ್ಣ, ಮೊಡವೆಗೂ ಉಷ್ಣ, ಕಣ್ಣು ಕೆಂಪಗಾದರೂ ಉಷ್ಣ. ಹೊಕ್ಕುಳೆಂಬುದು ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಿಹೋದ ಬಾಗಿಲು. ಅಲ್ಲಿ ಬಿಟ್ಟ ಹರಳೆಣ್ಣೆ ಮೂತ್ರಕೋಶಕ್ಕೆ ಇಳಿಯುವುದಿಲ್ಲ, ಲಂಗದ ಲಾಡಿಗೆ ಇಳಿಯುತ್ತದೆ. ಎಳನೀರು, ಬಾರ್ಲಿ ನೀರು ಕುಡಿದಾಗ ಉರಿ ತಗ್ಗುವುದೇನೋ ನಿಜ. ಆ ಕೆಲಸ ಮಾಡುವುದು ಅವುಗಳ ತಂಪಲ್ಲ, ಅವುಗಳಲ್ಲಿರುವ ನೀರು. ಅಜ್ಜಿಯರು ಔಷಧವನ್ನು ಸರಿಯಾಗಿಯೇ ಹಿಡಿದಿದ್ದರು, ಕಾರಣವನ್ನು ಮಾತ್ರ ತಪ್ಪು ಹೇಳಿದರು. ಆ ತಪ್ಪಿನಿಂದ ಆದ ನಷ್ಟವೆಂದರೆ, ಹೆಂಗಸರು ತಮ್ಮ ದೇಹಪ್ರಕೃತಿಯನ್ನೇ ಬೈದುಕೊಂಡು ಕೂರುತ್ತಾರೆ. ಕೆಲಸದ ಜಾಗದಲ್ಲಿರುವ ಶೌಚಾಲಯದ ಬಾಗಿಲನ್ನು ಯಾರೂ ಬೈಯುವುದಿಲ್ಲ.

ಉರಿಮೂತ್ರ ತರುವ ಸೋಂಕುಗಳಲ್ಲಿ ಹೆಚ್ಚಿನ ಪಾಲು ಇ. ಕೋಲಿ ಎಂಬ ಬ್ಯಾಕ್ಟೀರಿಯಾದ್ದು. ಅದು ನಮ್ಮದೇ ಕರುಳಿನ ಹಳೆಯ ಒಕ್ಕಲು, ಅಲ್ಲಿದ್ದಷ್ಟು ದಿನ ತಂಟೆಯಿಲ್ಲ. ದಾರಿ ತಪ್ಪಿ ಮೂತ್ರನಾಳಕ್ಕೆ ಹೊಕ್ಕರೆ ಜಗಳ ಶುರು. ಈ ನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಸುಮಾರು 4. ಊರಾಚೆಯಿಂದ ನಡೆದು ಬರಬೇಕಾದ ಕಳ್ಳನಿಗೆ ಪಕ್ಕದ ಮನೆಯಲ್ಲೇ ಬಾಡಿಗೆ ಸಿಕ್ಕಂತೆ.

ಒಳಗೆ ಬಂದ ಮೇಲೆ ಅದು ಮಾಡುವ ಕೆಲಸ ನೋಡಿದರೆ ಬೈಯಬೇಕೋ ಬೆರಗಾಗಬೇಕೋ ತಿಳಿಯುವುದಿಲ್ಲ. ಇ. ಕೋಲಿಯ ಮೈತುಂಬ ಸೂಕ್ಷ್ಮವಾದ ರೋಮಗಳು. ಪ್ರತಿ ರೋಮದ ತುದಿಗೆ ಫಿಮ್‌ಎಚ್ ಎಂಬ ಪ್ರೋಟೀನಿನ ಕೊಕ್ಕೆ. ಮೂತ್ರಕೋಶದ ಒಳಗೋಡೆಯ ಮೇಲಿರುವ ಮ್ಯಾನೋಸ್ ಎಂಬ ಸಕ್ಕರೆಯನ್ನು ಈ ಕೊಕ್ಕೆ ಹಿಡಿಯುತ್ತದೆ. ಹಿಡಿಯುವುದರಲ್ಲಿ ವಿಶೇಷವೇನೂ ಇಲ್ಲ, ಉತ್ತರಾಣಿ ಗಿಡದ ತೆನೆಯೂ ಸೀರೆಯ ಸೆರಗನ್ನು ಹಿಡಿಯುತ್ತದೆ. ಆದರೆ ಉತ್ತರಾಣಿಯನ್ನು ಎಳೆದರೆ ಬಿಡುತ್ತದೆ, ಫಿಮ್‌ಎಚ್ ಅನ್ನು ಎಳೆದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2002ರಲ್ಲಿ ಇದನ್ನು ತೋರಿಸಿಕೊಟ್ಟರು. ಹರಿವು ಜೋರಾದಾಗ ಈ ಪ್ರೋಟೀನಿನ ಎರಡು ತುಂಡುಗಳು ಒಂದರಿಂದ ಒಂದು ಸರಿಯುತ್ತವೆ, ಸರಿದೊಡನೆ ಸಕ್ಕರೆಯನ್ನು ಹಿಡಿದ ಗೂಡು ಮುಚ್ಚಿಕೊಳ್ಳುತ್ತದೆ. ದನದ ಕೊರಳಿಗೆ ಹಾಕಿದ ಜೀರುಕುಣಿಕೆಯನ್ನು ನೆನೆಸಿಕೊಳ್ಳಿ, ಜಗ್ಗಿದಷ್ಟೂ ಬಿಗಿ, ಸುಮ್ಮನೆ ನಿಂತರೆ ಸಡಿಲ. ಬಾಲ ಹಿಡಿದು ಎಳೆದಷ್ಟೂ ಬಂಡೆಗೆ ಉಗುರು ಊರುವ ಉಡವನ್ನು ನೆನೆಸಿಕೊಳ್ಳಿ. ಉಡದ ಪಟ್ಟು ಎಂದು ನಾವು ಹೇಳುತ್ತೇವಲ್ಲ, ಅದನ್ನು ಕಣ್ಣಿಗೆ ಕಾಣದ ಜೀವಿಯೊಂದು ಅಣುವಿನ ಮಟ್ಟದಲ್ಲಿ ಕಲಿತುಕೊಂಡಿದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಅಮ್ಮನ ಬೆರಳನ್ನು ಬಿಗಿಯಾಗಿ ಹಿಡಿದು, ಜನ ಕರಗಿದ ಮೇಲೆ ಬಿಟ್ಟು ಓಡುವ ಮಗುವೂ ಇದನ್ನೇ ಮಾಡುತ್ತದೆ. ಏಕೆಂದರೆ ಹರಿವು ನಿಂತಾಗ ಈ ಬ್ಯಾಕ್ಟೀರಿಯಾ ಪಟ್ಟು ಸಡಿಲಿಸಿ, ತೇಲಿ, ಬೇರೆ ಜಾಗ ಹುಡುಕಿಕೊಳ್ಳುತ್ತದೆ.

ಹಾಗಾದರೆ ಮೂತ್ರ ಮಾಡಿ ಏನು ಪ್ರಯೋಜನ ಎಂದು ಕೇಳಬಹುದು. ಅಂಟಿಕೊಂಡದ್ದು ಹೋಗುವುದಿಲ್ಲ, ತೇಲುತ್ತಿರುವುದು ಹೋಗುತ್ತದೆ. ಅಂಟಿಕೊಂಡದ್ದಕ್ಕೂ ದೇಹದ ಬಳಿ ಉಪಾಯವಿದೆ. ಹಾವು ಪೊರೆ ಬಿಟ್ಟಂತೆ ಮೂತ್ರಕೋಶ ತನ್ನ ಮೇಲ್ಪದರದ ಜೀವಕೋಶಗಳನ್ನೇ ಬ್ಯಾಕ್ಟೀರಿಯಾ ಸಮೇತ ಕಳಚಿ ಹಾಕುತ್ತದೆ. ಕಳಚಿದ್ದನ್ನು ಹೊರಗೆ ಸಾಗಿಸಲು ಮತ್ತೆ ಮೂತ್ರವೇ ಹರಿಯಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ, ನನಗೆ ಬಲು ಇಷ್ಟವಾದದ್ದು. ತೇಲುತ್ತಿರುವ ಬ್ಯಾಕ್ಟೀರಿಯಾ 100 ಇವೆ, ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದಿಟ್ಟುಕೊಳ್ಳಿ. ಮೂತ್ರಕೋಶ ಖಾಲಿ ಮಾಡಿದಾಗ ಇಪ್ಪತ್ತರಲ್ಲಿ ಒಂದು ಪಾಲು ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಎರಡು ಗಂಟೆಗೊಮ್ಮೆ ಹೋಗುವವರಲ್ಲಿ 100 ಇದ್ದದ್ದು 1,600 ಆಗಿ, ಹೋಗಿ ಬಂದ ಮೇಲೆ 80 ಉಳಿಯುತ್ತದೆ. ಮುಂದಿನ ಸುತ್ತಿಗೆ 64. ಅಸಲು ಕರಗುತ್ತಿದೆ. ನಾಲ್ಕು ಗಂಟೆ ತಡೆದುಕೊಳ್ಳುವವರಲ್ಲಿ 25,600 ಆಗಿ, ಹೋಗಿ ಬಂದ ಮೇಲೂ 1,280 ಉಳಿಯುತ್ತದೆ. ಮುಂದಿನ ಸುತ್ತಿಗೆ 16,000 ದಾಟುತ್ತದೆ. ಅದೇ ಹೆಣ್ಣು, ಅದೇ ಬ್ಯಾಕ್ಟೀರಿಯಾ, ಅದೇ ಬೇಸಿಗೆ. ಮೀಟರ್ ಬಡ್ಡಿಗೆ ಸಾಲ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ, ಕಂತು ಕಟ್ಟುವ ದಿನ ಮುಂದಕ್ಕೆ ಹೋದಷ್ಟೂ ಕಂತು ಕಟ್ಟಿಯೂ ಸಾಲ ಬೆಳೆಯುತ್ತದೆ. ದೇಹದಲ್ಲಿ ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ ಎಂಬುದನ್ನು ಒಪ್ಪುತ್ತೇನೆ, ರೋಗನಿರೋಧಕ ಶಕ್ತಿಯೂ ಲೆಕ್ಕಕ್ಕೆ ಬರುತ್ತದೆ. ಆದರೆ ದಿಕ್ಕು ಇದೇ. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪದೇ ಪದೇ ಉರಿಮೂತ್ರ ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಾಗಿ ಕುಡಿಯಲು ಹೇಳಿದರು. ವರ್ಷದಲ್ಲಿ ಅವರಿಗೆ ಸೋಂಕು ಬಂದದ್ದು ಸರಾಸರಿ 1.7 ಸಲ, ಉಳಿದವರಿಗೆ 3.2 ಸಲ.

ನೀರು ಕುಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ಕುಡಿದದ್ದು ಹೋಗುವುದೆಲ್ಲಿ?

ನಾನು ಹಿಂದೆ ಪಾಠ ಮಾಡುತ್ತಿದ್ದ ಒಂದು ಖಾಸಗಿ ಕಾಲೇಜಿನಲ್ಲಿ ಮಹಿಳಾ ಸಿಬ್ಬಂದಿಯ ಶೌಚಾಲಯದ ಬೀಗದ ಕೈ ಕಚೇರಿಯ ಗುಮಾಸ್ತರ ಮೇಜಿನ ಹಿಂದೆ, ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಕೈಯಗಲದ ಮರದ ತುಂಡೊಂದಕ್ಕೆ ಕಟ್ಟಿ, ಅದರ ಮೇಲೆ ಕೆಂಪು ಬಣ್ಣದಲ್ಲಿ 'ಲೇಡೀಸ್' ಎಂದು ಬರೆದಿದ್ದರು. ಶುಲ್ಕ ಕಟ್ಟಲು ನಿಂತ ಹುಡುಗರ ಸಾಲನ್ನು ದಾಟಿ, ಕೈ ಚಾಚಿ, ಅದನ್ನು ಹಿಡಿದು ಕಾರಿಡಾರಿನುದ್ದಕ್ಕೂ ನಡೆಯಬೇಕು. ನಾವು ನಾಲ್ವರು ಮಧ್ಯಾಹ್ನದವರೆಗೆ ಕಾಫಿ ಮುಟ್ಟುತ್ತಿರಲಿಲ್ಲ. ಯಾರೂ ಹೋಗಬೇಡಿ ಎನ್ನಲಿಲ್ಲ, ಆ ಮರದ ತುಂಡೇ ಸಾಕಾಗಿತ್ತು. ಎದುರು ಮನೆಯವಳ ಲೈನಿನಲ್ಲಿ ಬೀಗವಿಲ್ಲ, ಟಾರ್ಗೆಟ್ ಇದೆ. ಎದ್ದು ಹೋದರೆ ಪಕ್ಕದ ಮೆಷಿನಿನಲ್ಲಿ ಕೆಲಸ ಗುಡ್ಡೆ ಬೀಳುತ್ತದೆ, ಸೂಪರ್‌ವೈಸರ್ ಗಡಿಯಾರ ನೋಡುತ್ತಾರೆ.

ಕೇರಳದ ಕೋಯಿಕ್ಕೋಡಿನ ಮಿಠಾಯಿ ತೆರುವು ಎಂಬ ಬೀದಿಯ ಅಂಗಡಿಗಳ ಮಹಿಳೆಯರೂ ಹೀಗೆಯೇ ನೀರು ಕುಡಿಯುವುದನ್ನು ಬಿಟ್ಟವರು. 'ಪೆಣ್‌ಕೂಟ್ಟ್' ಎಂಬ ಹೆಸರಿನಲ್ಲಿ ಅವರು ಕಟ್ಟಿಕೊಂಡ ಸಂಘ ಶೌಚಾಲಯಕ್ಕಾಗಿ ಬೀದಿಗಿಳಿಯಿತು, ಆಮೇಲೆ ಕೂರುವ ಕುರ್ಚಿಗಾಗಿ. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನೇ ತಿದ್ದಬೇಕಾಯಿತು.

ನಮ್ಮ ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 1948ರ ಕಾರ್ಖಾನೆ ಕಾಯ್ದೆಯ 19ನೇ ಸೆಕ್ಷನ್, ಶೌಚಾಲಯ ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಇರಬೇಕು, ಬೆಳಕು ಗಾಳಿ ಇರಬೇಕು, ಸದಾ ಸ್ವಚ್ಛವಾಗಿರಬೇಕು ಎನ್ನುತ್ತಿತ್ತು. 250ಕ್ಕಿಂತ ಹೆಚ್ಚು ಜನರಿರುವ ಕಡೆ ಗೋಡೆಗೆ 90 ಸೆಂಟಿಮೀಟರ್ ಎತ್ತರದವರೆಗೆ ಟೈಲ್ಸ್ ಅಥವಾ ಅಂಥದೇ ನುಣುಪು ಹೊದಿಕೆ ಹಾಕಬೇಕು ಎನ್ನುವಷ್ಟು ಸೂಕ್ಷ್ಮಕ್ಕೆ ಇಳಿದಿತ್ತು. 18ನೇ ಸೆಕ್ಷನ್ನಿನ ಪ್ರಕಾರ ಕುಡಿಯುವ ನೀರು ಶೌಚಾಲಯದಿಂದ ಆರು ಮೀಟರ್ ದೂರವಿರಬೇಕಿತ್ತು. 42ನೆಯದು ಕೈಕಾಲು ತೊಳೆಯುವ ವ್ಯವಸ್ಥೆಗಿತ್ತು. ಈಗ ಈ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದ್ದು, ಅದು ತೃತೀಯ ಲಿಂಗಿಗಳಿಗೂ ಪ್ರತ್ಯೇಕ ಶೌಚಾಲಯವನ್ನು ಹೇಳುತ್ತದೆ. ಆದರೆ ಹಳೆಯ 19ನೇ ಸೆಕ್ಷನ್ನಿನ ಒಂದು ಮಾತು ನನಗೆ ಚಿನ್ನದಂತೆ ಕಾಣುತ್ತದೆ. ಕಾರ್ಮಿಕರು ಕಾರ್ಖಾನೆಯಲ್ಲಿ ಇರುವಷ್ಟು ಹೊತ್ತೂ ಶೌಚಾಲಯ ಅವರಿಗೆ ಸಿಗುವಂತಿರಬೇಕು ಎಂಬುದು ಅದರ ಸಾರ. ಬಿಡುವಿನ ವೇಳೆಯಲ್ಲಿ ಎಂದಿಲ್ಲ, ಅನುಮತಿ ಪಡೆದು ಎಂದೂ ಇಲ್ಲ. ಬ್ಯಾಕ್ಟೀರಿಯಾದ ಲೆಕ್ಕ ಗೊತ್ತಿದ್ದವರೇ ಬರೆದಂತಿದೆ.

ಎಷ್ಟು ಶೌಚಾಲಯ ಎನ್ನುವುದಕ್ಕೆ ರಾಜ್ಯಗಳ ಕಾರ್ಖಾನೆ ನಿಯಮಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ 25 ಮಹಿಳೆಯರಿಗೆ ಒಂದು. ಕೇಳಲು ನ್ಯಾಯವಾಗಿಯೇ ಇದೆ. ಇಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞನನ್ನು ಕರೆಯದೆ ವಿಧಿಯಿಲ್ಲ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಆತ, ಊರಿನ ಕರೆಗಳಿಗೆ ಎಷ್ಟು ತಂತಿ ಎಳೆದರೆ ಸಾಕು ಎಂದು ಲೆಕ್ಕ ಹಾಕಲು ಹೊರಟು, 1909ರಲ್ಲಿ ಸರತಿ ಸಾಲಿನ ಗಣಿತಕ್ಕೆ ಅಡಿಪಾಯ ಹಾಕಿದ. ಸಾಲು ಬೆಳೆಯುವುದು ದಿನವಿಡೀ ಎಷ್ಟು ಜನ ಬರುತ್ತಾರೆ ಎಂಬುದರಿಂದಲ್ಲ, ಒಟ್ಟಿಗೆ ಎಷ್ಟು ಜನ ಬರುತ್ತಾರೆ ಎಂಬುದರಿಂದ. 25 ಮಂದಿ ಮನಸ್ಸು ಬಂದಾಗ ಎದ್ದು ಹೋಗುವಂತಿದ್ದರೆ ಒಂದೇ ಬಾಗಿಲು ಸಾಕು. ಅದೇ 25 ಮಂದಿಯನ್ನು ಅರ್ಧ ಗಂಟೆಯ ಊಟದ ಬಿಡುವಿಗೆ ಒಟ್ಟಿಗೆ ಬಿಟ್ಟರೆ, ಒಬ್ಬೊಬ್ಬರಿಗೆ ಮೂರು ನಿಮಿಷದಂತೆ 75 ನಿಮಿಷ ಬೇಕು. ಹತ್ತು ಮಂದಿ ಮುಗಿಸುತ್ತಾರೆ, ಹದಿನೈದು ಮಂದಿ ಡಬ್ಬಿ ಬಿಚ್ಚಬೇಕೋ ಸಾಲಿನಲ್ಲಿ ನಿಲ್ಲಬೇಕೋ ಎಂದು ಯೋಚಿಸುತ್ತಾರೆ. ಟೈಲ್ಸ್ ಎಷ್ಟು ಎತ್ತರಕ್ಕಿದ್ದರೇನು!

ಇಷ್ಟೆಲ್ಲ ದಾಟಿ ಒಳಗೆ ಹೋದವರಿಗೂ ಒಂದು ಹೆದರಿಕೆ ಕಾದಿರುತ್ತದೆ, ಕಮೋಡ್ ಸೀಟಿನಿಂದ ಸೋಂಕು ಹತ್ತುತ್ತದೆ ಎಂದು. ಕಚೇರಿಗಳಲ್ಲಿ ಕೆಲಸ ಮಾಡುವ ಓದಿದ ಹೆಂಗಸರಲ್ಲೇ ಇದು ಹೆಚ್ಚು. ಉರಿಮೂತ್ರದ ಇ. ಕೋಲಿ ಬರುವುದು ಬಹುಪಾಲು ನಮ್ಮ ಕರುಳಿನಿಂದಲೇ, ಸೀಟಿನಿಂದಲ್ಲ. ಸೀಟಿಗೆ ಹೆದರಿ ಸಂಜೆಯವರೆಗೆ ತಡೆದುಕೊಂಡರೆ ಹೆದರಿದ ರೋಗವನ್ನೇ ಬೆಳೆಸಿದಂತೆ. ಇನ್ನು ಕೆಲವರು ಸೀಟಿಗೆ ತಾಗದಂತೆ ಅರ್ಧ ಬಗ್ಗಿ ನಿಲ್ಲುತ್ತಾರೆ. ಆ ಭಂಗಿಯಲ್ಲಿ ಸ್ನಾಯು ಸಡಿಲವಾಗದೆ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು ಎಂದೆವಲ್ಲ, ಅದು ಇನ್ನೂ ಹೆಚ್ಚುತ್ತದೆ. ಪೂರ್ತಿ ಕುಕ್ಕರಗಾಲಿನಲ್ಲಿ ಕೂರುವ ದೇಸಿ ಶೌಚಾಲಯಕ್ಕೆ ಈ ತೊಂದರೆಯಿಲ್ಲ.

ಫಿನೈಲ್ ಘಾಟು ಹೊಡೆದರೆ ಸ್ವಚ್ಛ ಎನ್ನುವವರ ಬಗ್ಗೆ ಎರಡೇ ಮಾತು. ಕೆಟ್ಟ ವಾಸನೆಯಿಂದಲೇ ರೋಗ ಬರುತ್ತದೆ ಎಂದು ಯೂರೋಪಿನವರು 19ನೇ ಶತಮಾನದವರೆಗೂ ನಂಬಿದ್ದರು. ಅವರು ಬಿಟ್ಟರು. ನಾವು ಬೇಸಿನ್ನಿಗೆ ನುಸಿಗುಳಿಗೆ ಹಾಕಿ ಅದನ್ನು ಮುಂದುವರಿಸಿದ್ದೇವೆ.

ಆ ಬೇಸಿನ್ನಿನ ಪಕ್ಕ ಇರಬೇಕಾದದ್ದು ಸಾಬೂನು. ಮೊದಲ ಮಹಾಯುದ್ಧದಲ್ಲಿ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನ ಎಣ್ಣೆ ತೆಗೆಯಲು ಶುರು ಮಾಡಿ, ವಿಶ್ವೇಶ್ವರಯ್ಯನವರ ಕಾಲದಲ್ಲಿ ಸೋಸಲೆ ಗರಳಪುರಿ ಶಾಸ್ತ್ರಿಗಳು ಸಾಬೂನು ಮಾಡುವುದನ್ನು ಕಲಿತು ಬಂದರು. ಸರ್ಕಾರವೇ ಕಾರ್ಖಾನೆ ಕಟ್ಟಿ ಸಾಬೂನು ಮಾಡಿದ ನಾಡು ಇದು. ಆದರೂ ಎಷ್ಟೋ ಕಾರ್ಖಾನೆಗಳ ನಲ್ಲಿಯ ಬಳಿ ಬೆರಳಗಲದ, ಬಿರುಕು ಬಿಟ್ಟ ತುಣುಕೂ ಇರುವುದಿಲ್ಲ. ಸ್ಯಾನಿಟೈಸರ್ ಇಟ್ಟಿದ್ದೇವೆ ಎನ್ನುತ್ತಾರೆ. ವಾಂತಿಭೇದಿ ತರುವ ನೊರೊವೈರಸ್‌ಗೆ ಕೊಬ್ಬಿನ ಹೊದಿಕೆಯಿಲ್ಲ, ಆದ್ದರಿಂದ ಆಲ್ಕೊಹಾಲಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸಾಬೂನು ಅದನ್ನು ಕೊಲ್ಲಬೇಕಾಗಿಯೂ ಇಲ್ಲ. ಅಂಟುವಾಳದ ನೊರೆ ರೇಷ್ಮೆ ಸೀರೆಯ ಜಿಡ್ಡನ್ನು ಎಬ್ಬಿಸುವಂತೆ ಚರ್ಮದಿಂದ ಎಬ್ಬಿಸುತ್ತದೆ, ಹರಿಯುವ ನೀರು ಕೊಂಡೊಯ್ಯುತ್ತದೆ. ಬಿಸಿನೀರೂ ಬೇಡ, ತಣ್ಣೀರು ಸಾಕು ಎಂದು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ತೋರಿಸಿದ್ದಾರೆ. ಚಪಾತಿ ಮುರಿಯುವುದು ಅದೇ ಕೈಯಲ್ಲಿ ಎಂಬುದನ್ನು ನೆನಪಿಡಬೇಕಾದವರು ಸಾಬೂನಿನ ಬಿಲ್ಲಿಗೆ ಸಹಿ ಹಾಕುವವರು.

ವಾರ ಬಿಟ್ಟು ಎದುರು ಮನೆಯವಳು ಎಣ್ಣೆಯ ಶೀಶೆ ಹಿಂತಿರುಗಿಸಲು ಬಂದಳು. ಜ್ವರ ಬಂದು ಕೊನೆಗೆ ಡಾಕ್ಟರ ಬಳಿ ಹೋಗಿದ್ದಳು. ಐದು ದಿನದ ಮಾತ್ರೆ ಕೊಟ್ಟು, ದಿನಕ್ಕೆ ಎರಡೂವರೆ ಲೀಟರ್ ನೀರು ಕುಡಿಯಬೇಕು ಎಂದರಂತೆ. "ಹಾಗಾದರೆ ಲೈನಿನಿಂದ ಎಷ್ಟು ಸಲ ಏಳಬಹುದು ಎಂದೂ ಚೀಟಿಯಲ್ಲಿ ಬರೆದುಕೊಡಿ ಡಾಕ್ಟರೇ ಎಂದೆ ಅಕ್ಕ. ಅವರು ನಕ್ಕುಬಿಟ್ಟರು" ಎಂದಳು. ಚೀಲದ ಬಾಟಲಿ ಈ ಸಲ ಪೂರ್ತಿ ಖಾಲಿಯಾಗಿತ್ತು. ಪರವಾಗಿಲ್ಲವೇ ಎಂದೆ. ಬಸ್ಸು ಹತ್ತಿದ ಮೇಲೆ ಕುಡಿದಳಂತೆ, ಇಳಿದರೆ ಮನೆ ಹತ್ತಿರವಲ್ಲವೇ.