ಹಳೆ ಜೆಟ್‌ನ ವಯಸ್ಸು ಲೆಕ್ಕ ಹಾಕುವುದು ಹೇಗೆ?

ಸೆಸ್ನಾ ಕಂಪನಿಯ ಸೈಟೇಶನ್‌ಜೆಟ್ ಮೊದಲ ಸಲ ಹಾರಿದ್ದು 1991ರಲ್ಲಿ. ಅಮೆರಿಕದ ವಿಚಿಟಾದಲ್ಲಿ ತಯಾರಾದ ಈ ಪುಟ್ಟ ಬಿಸಿನೆಸ್ ಜೆಟ್‌ಗಳಲ್ಲಿ ಎಷ್ಟೋ ಇವತ್ತಿಗೂ ಹಾರುತ್ತಿವೆ, ಕೈಯಿಂದ ಕೈಗೆ ದಾಟುತ್ತಿವೆ. ಮೂವತ್ತು ವರ್ಷದ ವಿಮಾನವನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಅನ್ನಿಸಬಹುದು. ಕೊಳ್ಳುತ್ತಾರೆ. ವಿಮಾನದ ವಯಸ್ಸಿಗೆ ಬರೀ ವರ್ಷದ ಲೆಕ್ಕ ಸಾಲದು. ಎಷ್ಟು ಗಂಟೆ ಹಾರಿದೆ, ಎಷ್ಟು ಸಲ ಏರಿ ಇಳಿದಿದೆ ಅನ್ನುವುದೂ ಬೇಕು. ಒಮ್ಮೆ ಏರಿ ಇಳಿದರೆ ಒಂದು ಸೈಕಲ್.

ಸೈಕಲ್ ಯಾಕೆ ಮುಖ್ಯ? 41,000 ಅಡಿ ಮೇಲೆ ಗಾಳಿ ತೀರಾ ತೆಳು. ಒಳಗೆ ಕೂತವರಿಗೆ 8,000 ಅಡಿ ಬೆಟ್ಟದ ಮೇಲಿರುವಷ್ಟಾದರೂ ಒತ್ತಡ ಬೇಕು. ಈ ವ್ಯತ್ಯಾಸದಿಂದಾಗಿ, ಎ4 ಹಾಳೆಯಷ್ಟು ಜಾಗವನ್ನು 350 ಕಿಲೋ ತೂಕಕ್ಕಿಂತ ಜಾಸ್ತಿ ಬಲ ಹೊರಕ್ಕೆ ತಳ್ಳುತ್ತಿರುತ್ತದೆ. ಏರಿದಾಗ ಅಲ್ಯೂಮಿನಿಯಂ ಮೈ ತುಸು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಸಾವಿರಾರು ಸಲ ಹೀಗಾದರೆ ತಗಡುಗಳನ್ನು ಜೋಡಿಸುವ ರಿವೆಟ್ ಮೊಳೆಗಳ ತೂತಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಬಹುದು.

1988ರಲ್ಲಿ ಹವಾಯಿಯ ಆಕಾಶದಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮುಂಭಾಗದ ಚಾವಣಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಅದು ಹಾರಿದ್ದು ಸುಮಾರು 35,500 ಗಂಟೆ. ಸೈಕಲ್‌ಗಳು ಮಾತ್ರ 89,680! ದ್ವೀಪದಿಂದ ದ್ವೀಪಕ್ಕೆ ಅರ್ಧ ಗಂಟೆಯೊಳಗಿನ ಓಡಾಟ, ಜೊತೆಗೆ ಉಪ್ಪುಗಾಳಿ ಬೇರೆ. ಬಿಸಿನೆಸ್ ಜೆಟ್‌ಗಳು ಇಷ್ಟೊಂದು ಸಲ ಏರಿ ಇಳಿಯುವುದಿಲ್ಲ ನಿಜ, ಆದರೆ ಲೋಹ ದಣಿಯುವ ರೀತಿ ಎಲ್ಲ ಕಡೆ ಒಂದೇ.

ದುಡ್ಡಿನ ವಿಷಯಕ್ಕೆ ಬಂದರೆ ಇಂಜಿನ್‌ದೇ ದೊಡ್ಡ ಪಾಲು. ಮೊದಲ ಸೈಟೇಶನ್‌ಜೆಟ್‌ಗಳ ವಿಲಿಯಮ್ಸ್ ಎಫ್‌ಜೆ44 ಇಂಜಿನ್ನಿಗೆ 3,500 ಗಂಟೆಗೊಮ್ಮೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ದುರಸ್ತಿ ಮಾಡುವುದು), ಅದರ ಅರ್ಧಕ್ಕೆ ಬಿಸಿ ಭಾಗಗಳ ತಪಾಸಣೆ. ಉರಿಯುವ ಅನಿಲದ ನಡುವೆ ಗಿರಗಿರ ತಿರುಗುವ ಟರ್ಬೈನ್ ಅಲಗುಗಳು ವರ್ಷಗಳಲ್ಲಿ ಸೂಕ್ಷ್ಮವಾಗಿ ಹಿಗ್ಗುತ್ತವೆ, ಅದಕ್ಕೇ ಈ ಗಡುವು. ಎರಡೂ ಇಂಜಿನ್‌ಗಳ ಗಡುವು ಹತ್ತಿರವಿದ್ದರೆ, ಅಗ್ಗಕ್ಕೆ ಸಿಕ್ಕಿತು ಅಂದುಕೊಂಡ ಜೆಟ್ ಅಗ್ಗವೇನಲ್ಲ. ಈ ಖರ್ಚಿಗಾಗಿ ಹಾರಿದ ಗಂಟೆಗೆ ಇಷ್ಟು ಅಂತ ಮೊದಲೇ ಹಣ ಕಟ್ಟಿಕೊಂಡು ಬರುವ ಇಂಜಿನ್ ಯೋಜನೆಗಳಿವೆ. ಅಂಥ ಯೋಜನೆಯಲ್ಲಿರುವ ಜೆಟ್‌ಗೆ ಬೆಲೆ ಜಾಸ್ತಿ, ಅದು ಸರಿಯೂ ಹೌದು.

ಹಾಗಾದರೆ ಕಮ್ಮಿ ಹಾರಿದ್ದೇ ಒಳ್ಳೆಯದು, ಅಲ್ವಾ? ನನಗೆ ಅಂಥದ್ದರ ಮೇಲೇ ಅನುಮಾನ ಜಾಸ್ತಿ. ಸುಮ್ನೆ ನಿಂತ ವಿಮಾನದಲ್ಲಿ ರಬ್ಬರ್ ಸೀಲ್‌ಗಳು ಒಣಗುತ್ತವೆ, ಮೂಲೆಗಳಲ್ಲಿ ತೇವ ಕೂತು ಅಲ್ಯೂಮಿನಿಯಂ ತಿನ್ನುತ್ತದೆ. ಟ್ಯಾಂಕಿನ ತಳದಲ್ಲಿ ನೀರು ಸೇರಿದರೆ ಇಂಧನವನ್ನೇ ತಿಂದು ಬದುಕುವ ಶಿಲೀಂಧ್ರಗಳು ಬೆಳೆಯುತ್ತವೆ. ಅವು ಬಿಡುವ ಆಮ್ಲ ಟ್ಯಾಂಕನ್ನು ಕೊರೆಯುತ್ತದೆ, ಲೋಳೆ ಫಿಲ್ಟರ್‌ಗೆ ಕಟ್ಟಿಕೊಳ್ಳುತ್ತದೆ. ಹಾರಲಿ ಬಿಡಲಿ, ಕೆಲವು ತಪಾಸಣೆಗಳು ಕ್ಯಾಲೆಂಡರ್ ಪ್ರಕಾರವೇ ಬರುವುದು ಇದಕ್ಕೇ.

ಆದ್ದರಿಂದ ಕೊಳ್ಳುವ ಮೊದಲು ಇಂಜಿನ್ ಒಳಗೆ ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ಅಲಗುಗಳನ್ನು ನೋಡುತ್ತಾರೆ. ನೆಲಹಾಸು ತೆಗೆದು ತುಕ್ಕು ಹುಡುಕುತ್ತಾರೆ. ಈ ಕೆಲಸವನ್ನು ಇಷ್ಟು ದಿನ ಆ ವಿಮಾನ ನೋಡಿಕೊಂಡ ವರ್ಕ್‌ಶಾಪಿಗೆ ಕೊಡದಿರುವುದು ಜಾಣತನ. ಹಾರಾಟ, ರಿಪೇರಿಗಳನ್ನೆಲ್ಲ ಬರೆದಿಡುವ ಲಾಗ್‌ಬುಕ್ಕುಗಳನ್ನು ಮೊದಲ ಪುಟದಿಂದ ಓದಬೇಕು. ನಡುವೆ ಒಂದು ಪುಸ್ತಕ ಕಳೆದಿದ್ದರೆ, ಬಿಡಿಭಾಗಗಳ ಸೈಕಲ್ ಲೆಕ್ಕಕ್ಕೆ ಸಾಕ್ಷಿಯೇ ಇರುವುದಿಲ್ಲ. ಆಗ ಹೊಸ ಬಣ್ಣ, ಮೆತ್ತನೆ ಚರ್ಮದ ಸೀಟು ಎಷ್ಟೇ ಚೆನ್ನಾಗಿದ್ದರೂ ಬೆಲೆ ಬೀಳುತ್ತದೆ.